ಸತ್ತ ಜಿಂಕೆ ತರಲು ಹೋದವರು

ಆರ್ವಿಡ್ ನಿವಾಲಾನಿಗೆ ತನ್ನ ನಡಿಗೆಯ ಮೇಲಿದ್ದಷ್ಟು ಅಭಿಮಾನ ಹೆರನ್ ಕ್ರೀಕ್ ಊರಿನಲ್ಲಿ ಇನ್ಯಾರಿಗೂ ಇನ್ಯಾವುದರ ಮೇಲೂ ಇರಲಿಲ್ಲ. ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮೇಲೆ ಅವನು ಊರಿಗೆ ಧಾರಾಳವಾಗಿ ಕೊಟ್ಟದ್ದೆಂದರೆ ಉಪದೇಶ. ನವೆಂಬರ್ ಹತ್ತಿರವಾಗಿ, ಗಂಡಸರೆಲ್ಲ ಕೋವಿಗೆ ಎಣ್ಣೆ ಹಾಕಿ, ಕಿತ್ತಳೆ ಬಣ್ಣದ ಕೋಟು ಕೊಡವಿ ಬಿಸಿಲಿಗೆ ಹಾಕುವ ಹೊತ್ತಿಗೆ ಅವನ ನಾಲಿಗೆಗೂ ಎಣ್ಣೆ ಬೀಳುತ್ತಿತ್ತು. ಜಿಂಕೆ ಇರುವಲ್ಲಿಗೆ ತನ್ನ ಕಾಲ ಮೇಲೆ ಹೋಗಲಾರದವನು ಅಂಗಡಿಯಲ್ಲಿ ಕೋಳಿ ಕೊಂಡುಕೊಳ್ಳಲಿ ಎಂಬುದು ಅವನ ಸಿದ್ಧಾಂತ. ಇದನ್ನು ಅವನು ಪೆಟ್ರೋಲ್ ಬಂಕಿನಲ್ಲಿ ಹೇಳಿದ, ಚರ್ಚಿನ ಮೆಟ್ಟಿಲ ಮೇಲೆ ಹೇಳಿದ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದಾಗಲೂ ಹೇಳಲು ನೋಡಿದ.

ಅವನ ಕೋಪವೆಲ್ಲ ಎಟಿವಿಯ ಮೇಲೆ. ದಪ್ಪ ದಪ್ಪ ಗಾಲಿಯ ಆ ಕಾಡುಗಾಡಿ ಊರಿಗೆ ಬಂದ ಮೇಲೆ ಒಬ್ಬೊಬ್ಬರೇ ನಡೆಯುವುದನ್ನು ಬಿಟ್ಟಿದ್ದರು. ಬೇಟೆಗೆ ಹೊಂಚಿ ಕೂರಲು ಮರಕ್ಕೆ ಕಟ್ಟಿದ ಅಟ್ಟಣೆ, ಆ ಮರಸಿನ ಬುಡದವರೆಗೂ ಗಾಡಿಯಲ್ಲಿ ಹೋಗುವುದು, ಅಲ್ಲಿಂದ ಏಣಿ ಹತ್ತಿ ಮರಸಿನಲ್ಲಿ ಕೂರುವುದು, ಸಂಜೆ ಇಳಿದು ಮತ್ತೆ ಗಾಡಿ. ಮನೆಯ ಸೋಫಾಕ್ಕೂ ಕಾಡಿನ ಮರಸಿಗೂ ನಡುವೆ ಬೂಟಿಗೆ ಮಣ್ಣು ಅಂಟುತ್ತಿರಲಿಲ್ಲ. ಆರ್ವಿಡ್ ಸಹಿ ಸಂಗ್ರಹ ಮಾಡಿ, ಮೂರು ವರ್ಷದ ಹಿಂದೆ ಪಂಚಾಯ್ತಿ ಸಭೆಯಲ್ಲಿ ಎದ್ದು ನಿಂತು ಭಾಷಣ ಬಿಗಿದ. ತನ್ನ ಅಜ್ಜ ಫಿನ್‌ಲ್ಯಾಂಡಿನಿಂದ ಸಮುದ್ರ ದಾಟಿ ಬಂದದ್ದು ಮೊಮ್ಮಕ್ಕಳು ಕುರ್ಚಿಯ ಮೇಲೆ ಕೂತು ಜಿಂಕೆ ಹೊಡೆಯಲಿ ಎಂದಲ್ಲ ಎಂದ. ಅಜ್ಜ ಸಮುದ್ರವನ್ನೂ ನಡೆದುಕೊಂಡೇ ದಾಟಿದನೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಆರ್ವಿಡ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಟೆಯ ಎರಡು ವಾರ ಊರ ಕಾಡಿನ ಗೇಟಿನಿಂದಾಚೆಗೆ ಯಾವ ಗಾಡಿಯೂ ಹೋಗಕೂಡದು ಎಂದು ನಿಯಮವಾಯಿತು.

ಕೊನೆಯಲ್ಲಿ ಯಾರೋ ಒಂದು ಪ್ರಶ್ನೆ ಎತ್ತಿದರು. ಹೊಡೆದ ಜಿಂಕೆಯನ್ನು ಎರಡು ಮೈಲಿ ಎಳೆದುಕೊಂಡು ಬರುವವರು ಯಾರು? ಸಭೆಯಲ್ಲಿದ್ದ ಗಂಡಸರು ತಂತಮ್ಮ ಹೊಟ್ಟೆಯನ್ನೂ ಪಕ್ಕದವರ ಹೊಟ್ಟೆಯನ್ನೂ ನೋಡಿಕೊಂಡರು. ಆಗ ಆರ್ವಿಡನೇ ಒಂದು ಸಾಲು ಸೇರಿಸಿದ: ಸತ್ತ ಜಿಂಕೆಯನ್ನು ಹೊರಕ್ಕೆ ತರುವುದಕ್ಕಾಗಿ ಮಾತ್ರ ಗಾಡಿ ಒಳಗೆ ಹೋಗಬಹುದು. ಎಲ್ಲರೂ ಕೈಯೆತ್ತಿದರು.

ಕೈಯೆತ್ತದೆ ಕೂತವನು ಒಬ್ಬನೇ, ಆರ್ವಿಡನ ಹೆಂಡತಿ ಮಾರ್ಲಿಸಳ ತಮ್ಮ ಗಾರ್ಡಿ ಟ್ರೂಡೆಲ್. ಗಾರ್ಡಿ ಗಣಿಯಲ್ಲಿ ದುಡಿದವನು. ಗಣಿ ಅವನಿಗೆ ಪಿಂಚಣಿಯ ಜೊತೆಗೆ ಎದೆ ತುಂಬ ದೂಳನ್ನೂ ಕೊಟ್ಟು ಕಳಿಸಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಐದನೆಯದಕ್ಕೆ ನಿಂತು ಉಸಿರು ಹುಡುಕಿಕೊಳ್ಳಬೇಕು. ಜೌಗಿನ ಅಂಚಿನಲ್ಲಿ ಅವನದೊಂದು ಹಲಗೆಯ ಗೂಡಿತ್ತು. ವರ್ಷವೂ ಗಾಡಿಯಲ್ಲಿ ಅಲ್ಲಿಗೆ ಹೋಗಿ, ಪುಟ್ಟ ಒಲೆ ಹಚ್ಚಿ, ಬಾಗಿಲ ಸಂದಿಯಿಂದ ಕೋವಿ ಚಾಚಿ ಕೂರುತ್ತಿದ್ದ. ನಿಯಮವಾದ ಮೇಲೆ ಆ ಗೂಡಿಗೆ ಮುಳ್ಳುಹಂದಿಗಳು ಸೇರಿಕೊಂಡವು. ಅವನು ಸುಮ್ಮನೆ ಕೂರಬಾರದೆಂದು ಪಂಚಾಯ್ತಿ ಅವನಿಗೆ ಗೇಟು ಕಾಯುವ ಕೆಲಸ ಕೊಟ್ಟಿತು. ಆ ಸಲಹೆಯೂ ಆರ್ವಿಡನದೇ. ಅಂದಿನಿಂದ ಗಾರ್ಡಿ ಬೇಟೆಯ ಕಾಲದಲ್ಲಿ ಗೇಟಿನ ಬಳಿ ತಗಡಿನ ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಕೂತಿರುತ್ತಿದ್ದ. ಯಾರಾದರೂ ಜಿಂಕೆ ಹೊಡೆದೆನೆಂದು ಬಂದರೆ ತನ್ನ ಗಾಡಿಯಲ್ಲಿ ಹೋಗಿ ತಂದುಕೊಡುತ್ತಿದ್ದ. ಪರವಾನಗಿ ಮಾತ್ರ ಪ್ರತಿವರ್ಷ ತೆಗೆಸುತ್ತಿದ್ದ. ಯಾತಕ್ಕೆಂದು ಯಾರೂ ಕೇಳಿರಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಆರ್ವಿಡನ ಸೊಂಟದ ಕೀಲು ಕೈಕೊಟ್ಟಿತು. ಕೀಲು ಸವೆದುಹೋಗಿದೆ, ಹೊಸದು ಹಾಕಬೇಕು, ಸರದಿ ಫೆಬ್ರವರಿಗೆ ಬರುತ್ತದೆ, ಅಲ್ಲಿಯವರೆಗೆ ಹೆಚ್ಚು ನಡೆಯಬೇಡಿ ಎಂದರು ಡಾಕ್ಟರು. ನಡೆಯಬೇಡಿ ಎಂಬ ಮಾತನ್ನು ಆರ್ವಿಡ್ ಮಾನಗೇಡಿನ ಸುದ್ದಿಯಂತೆ ಮುಚ್ಚಿಟ್ಟ. ಅಂಗವಿಕಲರಿಗೆ ವಿಶೇಷ ಅನುಮತಿ ಸಿಗುತ್ತದೆ, ಒಂದು ಕಾಗದ ಬರೆದುಕೊಡಲೇ ಎಂದು ಡಾಕ್ಟರು ಕೇಳಿದಾಗ ಬಿರಬಿರನೆ ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ಬಂದ. ಊರಿಗೆಲ್ಲ ನಡಿಗೆಯ ಪಾಠ ಹೇಳಿದವನು ಕುಂಟನ ಕಾಗದ ಹಿಡಿದು ಗೇಟಿಗೆ ಹೋಗುವುದೇ? ಅದರ ಬದಲು ರಾಜ್ಯದ ಗಡಿಯಾಚೆ, ತನ್ನ ಹೆಸರು ಗೊತ್ತಿಲ್ಲದ ಊರಿಗೆ ಹೋಗಿ ಒಂದು ಹಸಿರು ಕಾಡುಗಾಡಿ ಕೊಂಡುತಂದು ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ. ಕೂರುವಲ್ಲಿ ಮೆತ್ತೆ, ಕಾಫಿ ಫ್ಲಾಸ್ಕಿಗೆ ಗೂಡು, ಕೈ ಬೆಚ್ಚಗಿಡಲು ಹಿಡಿಕೆಯೊಳಗೇ ಬಿಸಿ ಮಾಡುವ ತಂತಿ. ತೋಟದ ಸೌದೆ ಸಾಗಿಸುವುದಕ್ಕೆ ಎಂದು ಮಾರ್ಲಿಸಳಿಗೆ ಹೇಳಿದ.

ಮಾರ್ಲಿಸ್ ಹಿಡಿಕೆ ಮುಟ್ಟಿ ನೋಡಿದಳು. "ಸೌದೆಗೆ ಚಳಿಯಾಗತ್ತೆ ಅಂತಾನಾ ಇದು?" ಎಂದು ಕೇಳಿ ಒಳಗೆ ಹೋದಳು.

ಬೇಟೆಯ ಮೊದಲ ದಿನ ಅವನು ಹಟದಿಂದ ನಡೆದೇ ಹೋದ. ಇನ್ನೂ ಕತ್ತಲಿರುವಾಗ ಗೇಟು ದಾಟಿದವನು ಮರಸಿನ ಬುಡ ಮುಟ್ಟುವಾಗ ಸೂರ್ಯ ನೆತ್ತಿಯತ್ತ ಹೊರಟಿದ್ದ. ಏಣಿ ಹತ್ತುವಾಗ ಹಲ್ಲು ಕಚ್ಚಿ ಕಚ್ಚಿ ದವಡೆ ನೋವು ಬಂತು. ಮೇಲೆ ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ವಾಪಸು ಹೊರಡುವ ಹೊತ್ತಾಯಿತು. ಆ ರಾತ್ರಿ ಉಗಿಸ್ನಾನದ ಕೋಣೆ ಸೌನಾದ ಬಿಸಿಯಲ್ಲಿ ಸೊಂಟಕ್ಕೆ ಶಾಖ ಕೊಟ್ಟುಕೊಳ್ಳುತ್ತಾ ಕೂತಿದ್ದಾಗ ಅವನಿಗೆ ತಾನೇ ಸೇರಿಸಿದ ಆ ಸಾಲು ನೆನಪಾಯಿತು. ಸತ್ತ ಜಿಂಕೆಯನ್ನು ಹೊರಕ್ಕೆ ತರುವುದಕ್ಕಾಗಿ ಮಾತ್ರ. ಜಿಂಕೆ ಸತ್ತಿದೆ ಎಂದು ತೋರಿಸಿಯೇ ಒಳಗೆ ಹೋಗಬೇಕೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ತನ್ನ ಬರವಣಿಗೆಯ ಬಗ್ಗೆ ಅವನಿಗೆ ಮೊದಲ ಸಲ ಹೆಮ್ಮೆಯೆನಿಸಿತು.

ಮರುದಿನ ಬೆಳಿಗ್ಗೆ ಹಸಿರು ಗಾಡಿ ಗೇಟಿನ ಮುಂದೆ ಗುಡುಗುಡು ಎನ್ನುತ್ತಾ ನಿಂತಿತು. ಗಾರ್ಡಿ ಬೆಂಕಿಯ ಮುಂದಿನಿಂದ ಎದ್ದು, ಗಾಡಿಯನ್ನು ಒಂದು ಸುತ್ತು ಬಂದು ನೋಡಿದ. ನಿನ್ನೆ ಸಂಜೆ ಕತ್ತಲಾಗುವ ಹೊತ್ತಿಗೆ ಒಂದನ್ನು ಹೊಡೆದೆ, ಜೌಗಿನೊಳಗೆ ಹೋಗಿ ಬಿದ್ದಿದೆ, ತರಬೇಕು ಎಂದ ಆರ್ವಿಡ್. ಗಾಡಿ ತಾನೇ ಏಕೆ ಕೊಂಡೆನೆಂಬುದಕ್ಕೂ ಉತ್ತರ ಸಿದ್ಧವಾಗಿತ್ತು.

"ನಿನ್ನ ಎದೆ ಬೇರೆ ಸರಿಯಿಲ್ಲ, ನನ್ನ ಜಿಂಕೆಗೋಸ್ಕರ ನೀನ್ಯಾಕೆ ಒದ್ದಾಡಬೇಕು ಅಂತ."

"ನನ್ನ ಎದೆ ಮೇಲೆ ನಿನಗೆ ಇಷ್ಟು ಪ್ರೀತಿ ಇದೆ ಅಂತ ಗೊತ್ತೇ ಇರಲಿಲ್ಲ ಮಾರಾಯ," ಎಂದು ಗಾರ್ಡಿ ಕಬ್ಬಿಣದ ಅಡ್ಡಪಟ್ಟಿ ಎತ್ತಿದ.

ಎರಡು ಮೈಲಿ ದಾರಿ ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಯಿತು. ಮರಗಳು ಪಕ್ಕದಲ್ಲಿ ತಾವಾಗಿಯೇ ಹಿಂದಕ್ಕೆ ಹೋಗುತ್ತಿದ್ದವು. ಹಿಡಿಕೆ ಬೆಚ್ಚಗಿತ್ತು. ಇಷ್ಟು ವರ್ಷ ಊರವರು ಏನನ್ನು ಅನುಭವಿಸುತ್ತಿದ್ದರೆಂದು ಆರ್ವಿಡನಿಗೆ ಈಗ ತಿಳಿಯಿತು, ಅವರ ಮೇಲಿನ ಸಿಟ್ಟು ಇನ್ನಷ್ಟು ಹೆಚ್ಚಿತು. ಜಿಂಕೆ ಮಾತ್ರ ಒಂದೂ ಕಾಣಲಿಲ್ಲ. ಗಾಡಿಯ ಸದ್ದಿಗೆ ಮೈಲಿಯಾಚೆಯೇ ಕಿವಿ ನಿಮಿರಿಸಿ, ಬಿಳಿ ಬಾಲ ಎತ್ತಿ ತೋರಿಸಿ ಅವು ಹೋಗಿಬಿಟ್ಟಿದ್ದವು. ಅವನು ದಿನವಿಡೀ ಮರಸಿನಲ್ಲಿ ಕೂತು, ಮಾರ್ಲಿಸ್ ಕಟ್ಟಿಕೊಟ್ಟ, ಮಾಂಸದ ಹೂರಣ ತುಂಬಿ ಬೇಯಿಸಿದ ಪ್ಯಾಸ್ಟಿ ತಿಂದು, ಒಂದಿಷ್ಟು ನಿದ್ದೆ ಮಾಡಿ, ಸಂಜೆ ಬರಿಗೈಯಲ್ಲಿ ಗೇಟಿಗೆ ಬಂದ. ಜಿಂಕೆಯನ್ನು ತೋಳಗಳು ತಿಂದು ಮುಗಿಸಿದ್ದವು ಎಂದ. ಗಾರ್ಡಿ ಲೊಚಗುಟ್ಟಿದ. ಕೊಂಬಾದರೂ ಬಿಟ್ಟಿದ್ದವೇ ಎಂದು ಕೇಳಿದ. ಈಗಿನ ತೋಳಗಳು ಏನನ್ನೂ ಬಿಡುವುದಿಲ್ಲ ಎಂದ ಆರ್ವಿಡ್.

ಸುಳ್ಳಿನ ಕಷ್ಟವೇ ಇದು, ಒಂದು ದಿನದ್ದು ಮರುದಿನಕ್ಕೆ ಸಾಕಾಗುವುದಿಲ್ಲ. ಮಾರನೆಯ ದಿನ ಒಳಗೆ ಹೋಗಲು ಮತ್ತೊಂದು ಸತ್ತ ಜಿಂಕೆ ಬೇಕಾಯಿತು. ಆ ಸಂಜೆ ಅವನು ಗಾಡಿಯ ಹಿಂದೆ ಸೀಡರ್ ಕೊಂಬೆಗಳನ್ನು ಪೇರಿಸಿ, ಮೇಲೆ ಟಾರ್ಪಾಲು ಬಿಗಿದು ಹೊರಗೆ ತಂದ. ಗಾರ್ಡಿ ಟಾರ್ಪಾಲಿನ ಕಡೆ ನೋಡಿ, ಭಾರಿ ಗಾತ್ರದ್ದು ಎಂದು ತಲೆದೂಗಿದನೇ ಹೊರತು ಎತ್ತಿ ನೋಡಲಿಲ್ಲ. ಅದರ ಮರುದಿನ ಇನ್ನೊಂದು ಗಾಯಗೊಂಡು ಓಡಿತ್ತು, ಇಷ್ಟು ಹೊತ್ತಿಗೆ ಸತ್ತಿರಲೇಬೇಕು. ಗಾರ್ಡಿ ಒಂದು ದಿನವೂ ತಡೆಯಲಿಲ್ಲ. ಇಷ್ಟು ಸುಲಭವಾಗಿ ನಂಬುವವನನ್ನು ಗೇಟಿಗೆ ಕೂರಿಸಿದ್ದು ತಪ್ಪಾಯಿತೇನೋ ಎಂದು ಆರ್ವಿಡ್ ಒಳಗೊಳಗೇ ಪಂಚಾಯ್ತಿಯ ಪರವಾಗಿ ಚಿಂತೆ ಮಾಡಿದ.

ಆ ವಾರ ಪೆಟ್ರೋಲ್ ಬಂಕಿಗೆ ಹೋದಾಗ ಅಪರಿಚಿತ ಯುವಕನೊಬ್ಬ ಅವನ ಕೈ ಕುಲುಕಿದ. ಅಂಗಡಿಯಾಕೆ ಕಾಫಿಗೆ ದುಡ್ಡು ಬೇಡವೆಂದಳು. ಊರಲ್ಲೆಲ್ಲ ಅವನದೇ ಮಾತು. ಬೇರೆಯವರಿಗೆ ಬಾಲವೂ ಕಾಣದ ವರ್ಷದಲ್ಲಿ ನಿವಾಲಾ ದಿನಕ್ಕೊಂದರಂತೆ ಕೆಡವುತ್ತಿದ್ದಾನಂತೆ, ಕಾಲ್ನಡಿಗೆಯಲ್ಲಿ ಹೋಗಿ ಹೊಡೆದು, ಮರುದಿನ ಗಾಡಿಯಲ್ಲಿ ಹೋಗಿ ತರುತ್ತಾನಂತೆ, ಆ ವಯಸ್ಸಿನಲ್ಲಿ. ಒಬ್ಬ ನಾಲ್ಕು ಎಂದರೆ ಇನ್ನೊಬ್ಬ ಏಳು ಎಂದ. ಆರ್ವಿಡ್ ಅಲ್ಲಗಳೆಯಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಗಾಳಿಯ ದಿಕ್ಕನ್ನು ಹೇಗೆ ಲೆಕ್ಕ ಹಾಕುತ್ತೀರಿ ಎಂದು ಯುವಕ ಕೇಳಿದ. ಬಾಯಿ ಹೇಗೂ ತೆರೆದಿತ್ತಲ್ಲ, ಗಾಳಿಯ ಬಗ್ಗೆ ಹೇಳತೊಡಗಿದ. ಕಾಫಿ ಎರಡು ಸಲ ತುಂಬಿತು.

ಒಬ್ಬ ಬೇಟೆಗಾರನಿಗೆ ವರ್ಷಕ್ಕೆ ಎರಡೇ ಜಿಂಕೆ, ಅದಕ್ಕಿಂತ ಒಂದು ಹೆಚ್ಚಾದರೂ ಅಪರಾಧ ಎಂಬುದು ಮನೆ ಮುಟ್ಟುವ ಹೊತ್ತಿಗೆ ಅವನಿಗೆ ನೆನಪಾಯಿತು.

ಮನೆಯಲ್ಲಿ ಪಾಸ್ಟರ್ ಎಲೈನ್ ಹಾಲ್ವರ್ಸನ್ ಕಾಯುತ್ತಿದ್ದರು. ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಬೇಟೆಗಾರರ ಊಟ, ಈ ವರ್ಷ ಯಾರ ಹತ್ತಿರವೂ ಮಾಂಸವಿಲ್ಲ, ದೇವರ ದಯೆಯಿಂದ ನಿಮಗೆ ಕೈತುಂಬ ಸಿಕ್ಕಿದೆಯೆಂದು ಗಾರ್ಡಿ ಹೇಳಿದ, ಒಂದು ಜಿಂಕೆಯಷ್ಟು ಕೊಟ್ಟರೆ ಊರೇ ಉಣ್ಣುತ್ತದೆ ಎಂದರು. ಆರ್ವಿಡ್ ಹೆಂಡತಿಯ ಮುಖ ನೋಡಿದ. ಇಪ್ಪತ್ತೆಂಟು ವರ್ಷ ಅವನ ಮಾತಿಗೆ ಅಡ್ಡ ಬಂದವಳು ಈಗ ಕೈಬಿಡುತ್ತಾಳೆಂದು ಅವನಿಗೆ ಅನ್ನಿಸಿರಲಿಲ್ಲ.

"ಒಂದ್ಯಾಕೆ ಪಾಸ್ಟರ್, ಬೇಕಾದಷ್ಟು ತಗೊಳ್ಳಿ," ಎಂದಳು ಮಾರ್ಲಿಸ್. "ಇಡೋಕೆ ಜಾಗ ಇಲ್ಲದೆ ಇವರು ಎಲ್ಲೆಲ್ಲೋ ಇಟ್ಟಿದಾರೆ, ನನಗೂ ಕಾಣಿಸ್ತಿಲ್ಲ."

ಪಾಸ್ಟರ್ ಹರಸಿ ಹೋದರು. ನಿಜ ಹೇಳಿಬಿಡು ಎಂದು ಮಾರ್ಲಿಸ್ ಹೇಳಲಿಲ್ಲ. ಸುಳ್ಳನ್ನು ಎಷ್ಟು ಬೇಯಿಸಿದರೂ ಸಾರಾಗುವುದಿಲ್ಲ ಎಂದಷ್ಟೇ ಹೇಳಿ ಆಲೂಗಡ್ಡೆ ಹೆಚ್ಚಲು ಕೂತಳು.

ಶನಿವಾರ ಬೆಳಿಗ್ಗೆ ಅವನು ಗೇಟಿಗೆ ಹೋದಾಗ ಯಾವ ಜಿಂಕೆ ಸತ್ತಿದೆ ಎಂದು ಗಾರ್ಡಿ ಕೇಳುವ ಗೋಜಿಗೇ ಹೋಗದೆ ಅಡ್ಡಪಟ್ಟಿ ಎತ್ತಿದ. ಮರಸಿನ ಬುಡದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿದ ಆರ್ವಿಡ್ ಬಹಳ ಹೊತ್ತು ಮೆತ್ತೆಯ ಮೇಲೆಯೇ ಕೂತಿದ್ದ. ಹೊರಗೆ ಚಳಿ ಕೊರೆಯುತ್ತಿತ್ತು, ಹಿಡಿಕೆಯ ಬಿಸಿಯನ್ನು ಬಿಡಲು ಮನಸ್ಸಾಗಲಿಲ್ಲ. ಕೊನೆಗೆ ಏಣಿ ಹತ್ತಿ ಕೂತ. ಹಿಡಿಕೆಯ ಬಿಸಿ ಆರಿಸುವುದು ಮರೆತುಹೋಯಿತು. ಅದು ಯಾರ ಕೈಯೂ ಇಲ್ಲದೆ ತನ್ನಷ್ಟಕ್ಕೆ ಬೆಚ್ಚಗಾಗುತ್ತಾ ಬ್ಯಾಟರಿಯನ್ನು ಕುಡಿಯುತ್ತಾ ಉಳಿಯಿತು.

ಸುಪೀರಿಯರ್ ಸರೋವರದ ಕಡೆಯಿಂದ ಹಿಮ ಬೀಳತೊಡಗಿತು. ಗಾಳಿಯಿಲ್ಲದ, ದಪ್ಪ ಎಸಳಿನ ಹಿಮ. ಕಾಡು ಕಿವಿ ಮುಚ್ಚಿಕೊಂಡಂತೆ ಮೌನವಾಯಿತು. ಮಧ್ಯಾಹ್ನ ಕಳೆದು ಆರ್ವಿಡ್ ತೂಕಡಿಸುತ್ತಿದ್ದಾಗ ಜೌಗಿನ ಅಂಚಿನ ಸೀಡರ್ ಮರಗಳ ನಡುವೆ ಒಂದು ಮರ ಅಲುಗಿದಂತಾಯಿತು. ಅದು ಮರವಲ್ಲ, ಕೊಂಬು. ಅಷ್ಟು ದೊಡ್ಡ ಗಂಡುಜಿಂಕೆಯನ್ನು ಅವನು ಆ ಕಾಡಿನಲ್ಲಿ ಅದುವರೆಗೆ ನೋಡಿರಲಿಲ್ಲ. ಅದು ಗಾಡಿಯ ಮೂಗಿನವರೆಗೂ ಬಂದು, ಹಿಮ ಮುಚ್ಚಿದ ಆ ವಸ್ತುವನ್ನು ಮೂಸಿ, ಪಕ್ಕಕ್ಕೆ ತಿರುಗಿ ನಿಂತಿತು.

ಆರ್ವಿಡನ ಕೋವಿ ಹೆಗಲಿಗೆ ಏರಿತು, ಏರಿ ಅಲ್ಲೇ ನಿಂತಿತು. ಅವನ ಜೇಬಿನಲ್ಲಿ ಎರಡು ಪರವಾನಗಿ ಚೀಟಿಗಳೂ ಮಡಿಕೆ ಮುರಿಯದೆ ಇದ್ದವು. ಕಾನೂನಿನ ಪ್ರಕಾರ ಇದು ಅವನ ಮೊದಲ ಜಿಂಕೆ. ಆದರೆ ಊರಿನ ಪ್ರಕಾರ? ಊರಿನ ಪ್ರಕಾರ ಅವನು ಎಂದೋ ಮಿತಿ ದಾಟಿದ ಕಳ್ಳಬೇಟೆಗಾರ. ಇದನ್ನು ಹೊಡೆದರೆ ಜೈಲಿಗೆ ಹೋಗಬೇಕಾದವನು. ಬಾಳಿನಲ್ಲಿ ಒಂದೇ ಸಲ ಬರುವ ಜಿಂಕೆ ಬಂದಿದೆ, ಇಲ್ಲದ ಜಿಂಕೆಗಳೆಲ್ಲ ಅಡ್ಡ ನಿಂತಿವೆ. ಜಿಂಕೆ ಒಂದು ಹೆಜ್ಜೆ ಇಟ್ಟಿತು. ಮೊಳೆ ಹೊಡೆದಂತೆ ನಿಂತಿದ್ದ ಬೆರಳು ತಾನಾಗಿ ಮಡಚಿತು. ಈಡು ಕಾಡನ್ನೆಲ್ಲ ಒಂದು ಸಲ ಅಲುಗಿಸಿ ನಿಂತಿತು. ಜಿಂಕೆ ನಾಲ್ಕು ನೆಗೆತ ನೆಗೆದು, ಬಿದ್ದ ಮರದೊಂದರ ಪಕ್ಕ ಮಲಗಿತು.

ಏಣಿ ಇಳಿದು ಹೋಗಿ ಆರ್ವಿಡ್ ಅದರ ಕುತ್ತಿಗೆಯ ಮೇಲೆ ಕೈಯಿಟ್ಟ. ಬೆಚ್ಚಗಿತ್ತು. ಆ ವಾರದಲ್ಲಿ ಅವನು ಮುಟ್ಟಿದ ಮೊದಲ ನಿಜವಾದ ವಸ್ತು ಅದು. ಹೊಟ್ಟೆ ಸೀಳಿ ಕರುಳು ತೆಗೆದು, ಕೊಂಬಿಗೆ ಚೀಟಿ ಕಟ್ಟಿ, ಹಿಮದಲ್ಲಿ ಕೈ ತೊಳೆದುಕೊಂಡು ಬಂದು ಗಾಡಿಯ ಕೀಲಿ ತಿರುಗಿಸಿದ. ಟಿಕ್ ಎಂದಿತು. ಮತ್ತೆ ತಿರುಗಿಸಿದ. ಅಷ್ಟೂ ಅನ್ನಲಿಲ್ಲ.

ಬೇರೆ ದಾರಿ ಇರಲಿಲ್ಲ, ನಡೆದ. ಒಂದು ಕೋಲು ಮುರಿದುಕೊಂಡು, ಮರದಿಂದ ಮರಕ್ಕೆ ಆತುಕೊಳ್ಳುತ್ತಾ, ನಡಿಗೆಯ ಬಗ್ಗೆ ತಾನು ಆಡಿದ ಒಂದೊಂದು ಮಾತನ್ನೂ ಸೊಂಟದಲ್ಲಿ ಅನುಭವಿಸುತ್ತಾ ನಡೆದ. ಅರ್ಧ ದಾರಿಯಲ್ಲಿ ಒಂದು ದಿಮ್ಮಿಯ ಮೇಲೆ ಕೂತವನಿಗೆ ಮತ್ತೆ ಏಳುವುದೇ ಬೇಡವೆನ್ನಿಸಿತ್ತು. ಗೇಟಿನ ಹೊಗೆ ಕಂಡಾಗ ಜೀವ ಬಂತು. ಹೊಗೆಯ ಪಕ್ಕದಲ್ಲಿ ವನ್ಯಜೀವಿ ಇಲಾಖೆಯ ಟ್ರಕ್ಕು ಕಂಡಾಗ ಬಂದ ಜೀವ ಹೋಯಿತು.

ಅಧಿಕಾರಿ ಕೋಲೀನ್ ಮರ್ಟೆಸ್ ಡ್ರಮ್ಮಿನ ಬೆಂಕಿಗೆ ಕೈ ಚಾಚಿ ನಿಂತಿದ್ದಳು. ಅವಳು ಅವನ ಕೋಲನ್ನೂ ರಕ್ತ ಹತ್ತಿದ ತೋಳನ್ನೂ ನೋಡಿ, ಕೂರಲು ಹೇಳಿದಳು. ನೀವು ಈ ವರ್ಷ ಏಳು ಜಿಂಕೆ ಹೊಡೆದಿದ್ದೀರೆಂದು ಕೇಳಿ ಬಂದೆ ಎಂದಳು.

ಆರ್ವಿಡ್ ಬೆಂಕಿಯನ್ನು ನೋಡಿದ. ಏಳು ಜಿಂಕೆ ಹೊಡೆದವನಾಗಿ ಕೋರ್ಟಿಗೆ ಹೋಗುವುದು ಒಂದು ಕಡೆ; ಎರಡು ಮೈಲಿ ನಡೆಯಲಾರದ ಮುದುಕನಾಗಿ ಮನೆಗೆ ಹೋಗುವುದು ಇನ್ನೊಂದು ಕಡೆ. ನಾಚಿಕೆಯ ವಿಷಯವೆಂದರೆ ಯಾವುದು ಮೇಲೆಂದು ಆ ಕ್ಷಣದಲ್ಲಿ ಅವನಿಗೆ ನಿಜವಾಗಿಯೂ ಹೊಳೆಯಲಿಲ್ಲ. ಪೆಟ್ರೋಲ್ ಬಂಕಿನ ಯುವಕ ಕೈ ಕುಲುಕಿದ್ದು ನೆನಪಿಗೆ ಬಂತು.

"ಒಂದು," ಎಂದ ಕೊನೆಗೆ. "ಒಂದೇ ಹೊಡೆದಿದ್ದು. ಈಗ, ಇವತ್ತು. ಉಳಿದಿದ್ದೆಲ್ಲ ಸುಳ್ಳು. ನನ್ನ ಸೊಂಟ ಹೋಗಿದೆ. ಗಾಡಿಲಿ ಒಳಗೆ ಹೋಗೋಕೆ ಸತ್ತ ಜಿಂಕೆ ಬೇಕಾಗಿತ್ತು."

ಕೋಲೀನ್ ಅವನ ಜೇಬಿನಲ್ಲಿ ಉಳಿದಿದ್ದ ಇನ್ನೊಂದು ಚೀಟಿಯನ್ನು ನೋಡಿದಳು. ಅವಳಿಗೆ ಹೆಚ್ಚು ಆಶ್ಚರ್ಯವಾದಂತೆ ಕಾಣಲಿಲ್ಲ. ಹಿಂದಿನ ದಿನ ತಾನೇ ಒಳಗೆ ನಡೆದು ಹೋಗಿ ಬಂದಿದ್ದಳಂತೆ. ಮರಸಿನ ಬುಡದವರೆಗೆ ಗಾಡಿಯ ಜಾಡು, ಕೆಳಗೆ ಪ್ಯಾಸ್ಟಿಯ ಕಾಗದ. ಎಲ್ಲಿಯೂ ಒಂದು ಹನಿ ರಕ್ತವಿಲ್ಲ, ಒಂದು ಎಳೆ ಕೂದಲಿಲ್ಲ. ಏಳು ಜಿಂಕೆಯನ್ನು ಇಷ್ಟು ಶುಚಿಯಾಗಿ ಹೊಡೆದವನನ್ನು ನೋಡಬೇಕೆಂದು ಬಂದೆ ಎಂದಳು. ಹೊಡೆಯದ ಜಿಂಕೆಗೆ ಇಲಾಖೆಯಲ್ಲಿ ದಂಡವಿಲ್ಲ. ಆದರೆ ಸತ್ತ ಜಿಂಕೆಯಿಲ್ಲದೆ ಗೇಟಿನೊಳಗೆ ಗಾಡಿ ಒಯ್ದದ್ದಕ್ಕೆ ಪಂಚಾಯ್ತಿಯ ನಿಯಮದಲ್ಲಿ ದಂಡವಿತ್ತು. ಅವಳು ಅಲ್ಲೇ ದಂಡದ ಚೀಟಿ ಬರೆದು ಹರಿದುಕೊಟ್ಟಳು. ನಿಯಮ ಬಹಳ ಸ್ಪಷ್ಟವಾಗಿ ಬರೆದಿದೆ, ಯಾರು ಬರೆದರೋ ಎಂದಳು. ಗಾರ್ಡಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದ.

ಅವಳ ಟ್ರಕ್ಕು ಹೋದ ಮೇಲೆ ಆರ್ವಿಡ್ ಕೇಳಿದ:

"ನಿನಗೆ ಯಾವತ್ತಿಂದ ಗೊತ್ತಿತ್ತು?"

"ಮೊದಲನೇ ದಿನದಿಂದ. ಜಿಂಕೆ ಹೊಡೆದೋನು ಅದನ್ನ ರಾತ್ರಿಯೆಲ್ಲ ತೋಳಕ್ಕೆ ಬಿಟ್ಟು ಮನೇಲಿ ಮಲಗ್ತಾನಾ? ಹೊಡೆದಿದ್ರೆ ನೀನು ಆ ಸಂಜೇನೇ ಊರಿಗೆಲ್ಲ ಹೇಳ್ತಿದ್ದೆ."

"ಮತ್ತೆ ಯಾಕೆ ಬಿಟ್ಟೆ?"

ಗಾರ್ಡಿ ಬೆಂಕಿಗೆ ಒಂದು ಕೊರಡು ಹಾಕಿದ. ಸೊಂಟ ಎಳೆದುಕೊಂಡು ಬರೋದು ಮೊದಲನೇ ದಿನವೇ ಕಂಡಿತ್ತು, ನಡೆಯಲಾರದವನಿಗೆ ಕಾಡು ಹೇಗೆ ಕಾಣುತ್ತದೆಂದು ತನಗಲ್ಲದೆ ಇನ್ಯಾರಿಗೆ ಗೊತ್ತು ಎಂದ. ಹಾಗಾದರೆ ನಾಲ್ಕನ್ನು ಏಳು ಮಾಡಿ ಊರಿಗೆಲ್ಲ ಹೇಳಿದ್ದು, ಪಾಸ್ಟರನ್ನು ಮನೆಗೆ ಕಳಿಸಿದ್ದು ಯಾರು ಎಂದು ಆರ್ವಿಡ್ ಕೇಳಿದ.

"ಅದೂ ನಾನೇ," ಎಂದ ಗಾರ್ಡಿ. "ಮೂರು ವರ್ಷ ಈ ಡ್ರಮ್ಮಿನ ಮುಂದೆ ಕೂರಿಸಿದ್ದೀಯ. ನನಗೂ ಹೊತ್ತು ಹೋಗಬೇಕಲ್ಲ."

ಜಿಂಕೆ ತರಲು ಗಾರ್ಡಿಯ ಹಳೆಯ ಗಾಡಿಯೇ ಹೊರಟಿತು. ಈಗ ಒಳಗೆ ನಿಜವಾಗಿಯೂ ಸತ್ತ ಜಿಂಕೆಯಿತ್ತು, ನಿಯಮಕ್ಕೆ ಯಾವ ತಕರಾರೂ ಇರಲಿಲ್ಲ. ಆರ್ವಿಡ್ ಹಿಂದೆ ಕೂತು ಭಾವಮೈದುನನ ಸೊಂಟ ತಬ್ಬಿ ಹಿಡಿದುಕೊಂಡ. ದಾರಿಯಲ್ಲಿ ನಡೆದು ಬರುತ್ತಿದ್ದ ಇಬ್ಬರು ಬೇಟೆಗಾರರು ಬದಿಗೆ ಸರಿದು, ಹೆರನ್ ಕ್ರೀಕಿನ ನಡಿಗೆಯ ಗುರು ಗಾಡಿಯ ಮೇಲೆ ಕುಲುಕುತ್ತಾ ಹೋಗುವುದನ್ನು ನೋಡಿದರು. ಆರ್ವಿಡ್ ಟೋಪಿ ಎತ್ತಿ ನಮಸ್ಕರಿಸಿದ. ಮುಖ ಮುಚ್ಚಿಕೊಳ್ಳಲು ಕೈ ಬಿಡುವಿರಲಿಲ್ಲ.

ಗಾರ್ಡಿ ಜಿಂಕೆಯ ಕೊಂಬನ್ನು ಸುತ್ತಲೂ ಮುಟ್ಟಿ ಮುಟ್ಟಿ ನೋಡಿದ. ಇಬ್ಬರೂ ಸೇರಿ ಅದನ್ನು ಗಾಡಿಗೆ ಏರಿಸಿದರು. ಒಬ್ಬನಿಗೆ ಬಗ್ಗಲಾಗದು, ಇನ್ನೊಬ್ಬನಿಗೆ ಉಸಿರಿಲ್ಲ, ಆ ಕೆಲಸ ಬಹಳ ಹೊತ್ತು ಹಿಡಿಯಿತು. ಹಗ್ಗ ಬಿಗಿದ ಮೇಲೂ ಇನ್ನೂ ಬೆಳಕಿತ್ತು. ಗಾರ್ಡಿ ಮರಸಿನ ಕಡೆ ತಲೆಯೆತ್ತಿ ನೋಡುತ್ತಾ ನಿಂತ.

"ಕೋವಿ ಕೊಡ್ತೀಯಾ? ಒಂದ್ನಿಮಿಷ ಕೂತು ಇಳೀತೀನಿ. ಪರವಾನಗಿ ಇದೆ."

ಆರ್ವಿಡ್ ಕೋವಿ ಕೊಟ್ಟ. ಗಾರ್ಡಿ ಮೆಟ್ಟಿಲಿಗೊಂದು ಸಲ ನಿಂತು, ಎದೆಯ ಸಿಳ್ಳೆ ಕಾಡಿಗೆಲ್ಲ ಕೇಳುವಂತೆ ಉಸಿರೆಳೆದು ಮೇಲೆ ಹತ್ತಿದ. ಆರ್ವಿಡ್ ಕೆಳಗೆ ತನ್ನ ಸತ್ತ ಗಾಡಿಯ ಮೆತ್ತೆಯ ಮೇಲೆ ಕೂತ. ಹಿಮ ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ ಮಾತು ಬಂತು. ಸಭೆಯಲ್ಲಿ ಭಾಷಣ ಮಾಡಿದ ದಿನ ನೀನು ನನ್ನ ಕಡೆ ತಿರುಗಿ ನೋಡಲೇ ಇಲ್ಲ ಎಂದ ಗಾರ್ಡಿ. ನೋಡಿದ್ದರೆ ಭಾಷಣ ಮಾಡಲಾಗುತ್ತಿರಲಿಲ್ಲ ಎಂದ ಆರ್ವಿಡ್. ಜಿಂಕೆಯೊಂದೂ ಬರಲಿಲ್ಲ. ಇಬ್ಬರು ಮುದುಕರು ಮಾತಾಡುತ್ತಾ ಕೂತ ಕಡೆಗೆ ಯಾವ ಜಿಂಕೆ ಬರುತ್ತದೆ? ಕತ್ತಲು ಕವಿಯುವವರೆಗೂ ಗಾರ್ಡಿ ಇಳಿಯಲಿಲ್ಲ. ಆರ್ವಿಡ್ ಕರೆಯಲೂ ಇಲ್ಲ.

ಭಾನುವಾರ ಊರು ಉಂಡಿತು. ಊಟಕ್ಕೆ ಮುಂಚೆ ಆರ್ವಿಡ್ ಎದ್ದು ನಿಂತು ನಡೆದದ್ದನ್ನು ಹೇಳಿದ. ಜನ ನಗಲಿಲ್ಲ, ಬಹಳಷ್ಟು ಮಂದಿ ತಟ್ಟೆ ನೋಡಿಕೊಂಡರು. ಏಕೆಂಬುದು ಮಾರ್ಚ್ ತಿಂಗಳಲ್ಲಿ ಪಂಚಾಯ್ತಿ ಸಭೆ ಸೇರಿದಾಗ ತಿಳಿಯಿತು. ಹೊಸ ಸೊಂಟ ಹಾಕಿಸಿಕೊಂಡು ಊರುಗೋಲಿನಲ್ಲಿ ಬಂದಿದ್ದ ಆರ್ವಿಡ್ ಆ ನಿಯಮವನ್ನೇ ತೆಗೆದುಹಾಕಿ ಎಂದು ಕೇಳಿಕೊಂಡ. ಊರು ಒಪ್ಪಲಿಲ್ಲ. ನಡಿಗೆ ನಮ್ಮ ಹಿರಿಯರಿಂದ ಬಂದ ಸಂಪ್ರದಾಯ, ಒಬ್ಬರ ಸೊಂಟಕ್ಕೋಸ್ಕರ ಬಿಡಲಾಗದು ಎಂದು ಪೆಟ್ರೋಲ್ ಬಂಕಿನ ಮಾಲೀಕನೇ ಮಾತಾಡಿದ. ಅವನಾದ ಮೇಲೆ ಒಬ್ಬೊಬ್ಬರೇ ಎದ್ದರು. ಎಲ್ಲರಿಗೂ ನಿಯಮ ಬೇಕಿತ್ತು. ಹೊರಗಿನ ಊರವರು ಅದನ್ನು ನೋಡಿ ಗೇಟಿನಿಂದಲೇ ವಾಪಸು ಹೋಗುತ್ತಿದ್ದರು, ಊರವರ ಇಲ್ಲದ ಜಿಂಕೆಗಳನ್ನು ತರಲು ಅವರ ಗಾಡಿಗಳು ಒಳಗೆ ಹೋಗುತ್ತಲೇ ಇದ್ದವು, ಆ ಜಿಂಕೆಗಳನ್ನು ತೋಳಗಳು ತಿನ್ನುತ್ತಲೇ ಇದ್ದವು. ಗಾರ್ಡಿ ಮೂರು ವರ್ಷದಿಂದ ಎಷ್ಟು ಮಂದಿಗೆ ಅಡ್ಡಪಟ್ಟಿ ಎತ್ತಿದ್ದನೆಂದು ಅವನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬಹಳ ಚರ್ಚೆಯ ಮೇಲೆ, ಆರ್ವಿಡನ ಕಷ್ಟವನ್ನು ಮನಗಂಡು, ನಿಯಮಕ್ಕೆ ಒಂದು ಸಣ್ಣ ತಿದ್ದುಪಡಿ ಮಾಡಿದರು: ಸತ್ತ, ಅಥವಾ ಸಾಯುವ ಸಂಭವವಿರುವ ಜಿಂಕೆಯನ್ನು ತರುವುದಕ್ಕಾಗಿ ಗಾಡಿ ಒಳಗೆ ಹೋಗಬಹುದು.

ಮುಂದಿನ ನವೆಂಬರಿನಲ್ಲಿ ಬೇಟೆಯ ಮೊದಲ ದಿನ ನಸುಕಿನಲ್ಲಿ ಗೇಟಿನ ಮುಂದೆ ಗಾಡಿಗಳ ಸಾಲು ಚರ್ಚಿನ ತಿರುವಿನವರೆಗೂ ನಿಂತಿತ್ತು. ಅಡ್ಡಪಟ್ಟಿಯನ್ನು ಯಾರೋ ಹಗ್ಗದಿಂದ ಮೇಲಕ್ಕೆ ಕಟ್ಟಿದ್ದರು. ಗಾರ್ಡಿ ಎಲ್ಲರಿಗಿಂತ ಮೊದಲೇ ಒಳಗೆ ಹೋಗಿ, ಮುಳ್ಳುಹಂದಿಗಳನ್ನು ಓಡಿಸಿ, ತನ್ನ ಗೂಡಿನಲ್ಲಿ ಒಲೆ ಹಚ್ಚಿದ್ದ. ನಡೆದು ಹೊರಟವನು ಆರ್ವಿಡ್ ಒಬ್ಬನೇ. ದಿನಾಲೂ ನಡೆಯದಿದ್ದರೆ ಹೊಸ ಕೀಲು ಬಿಗಿದುಕೊಳ್ಳುತ್ತದೆಂದು ಡಾಕ್ಟರು ಹೆದರಿಸಿದ್ದರು. ಹಸಿರು ಗಾಡಿ ಮನೆಯಲ್ಲಿ ಮಾರ್ಲಿಸಳ ಸೌದೆ ಸಾಗಿಸುತ್ತಿತ್ತು. ದಾರಿಯ ಬದಿ ಹಿಡಿದು ಹೋಗುವವನ ಪ್ಯಾಂಟಿಗೆ ಪ್ರತಿಯೊಂದು ಗಾಡಿಯೂ ಕೆಸರೆರಚಿತು, ಎರಚಿದ ಮೇಲೆ ನಿಂತು ಹತ್ತಿಕೊಳ್ಳಿ ಎಂದಿತು. ಮೊದಲ ಇಬ್ಬರಿಗೆ ಅವನು ಬೇಡವೆಂದ. ಮೂರನೆಯವರು ಪಾಸ್ಟರ್ ಎಲೈನ್. ದೇವರ ಸೇವಕಿಗೆ ಇಲ್ಲವೆನ್ನುವುದು ಹೇಗೆಂದು ತೋಚದೆ, ಆರ್ವಿಡ್ ಹತ್ತಿ ಕೂತ.